ಪ್ರತಿಕ್ರಿಯೆ: ಟೆಕ್ಸ್ಟ್‌ಏರಿಯಾದಲ್ಲಿ ಒತ್ತಿದ ಎಂಟರ್ ಪುಟದಲ್ಲಿ ಕಾಣುತ್ತಿಲ್ಲ

ನೀವು ಕೇಳಿದ್ದು ಎರಡು: ಟೆಕ್ಸ್ಟ್‌ಏರಿಯಾದಲ್ಲಿ (ಫಾರ್ಮ್‌ನಲ್ಲಿ ಹಲವು ಸಾಲು ಬರೆಯುವ ಪೆಟ್ಟಿಗೆ) ಬರೆದ ಸಾಲುಗಳೆಲ್ಲ ಪುಟದಲ್ಲಿ ಒಂದೇ ಸಾಲಾಗಿ ಕಾಣುವುದೇಕೆ, 500 ಅಕ್ಷರದ ಮಿತಿಯೊಳಗೇ ಬರೆದರೂ ಸರ್ವರ್ ಹೆಚ್ಚಾಯಿತು ಅನ್ನುವುದೇಕೆ.

ಮೊದಲನೆಯದು ಸುಲಭ. ಡೇಟಾಬೇಸ್‌ನಲ್ಲಿ ಸಾಲುಗಳು ಸರಿಯಾಗಿಯೇ ಇವೆ. ಎಚ್‌ಟಿಎಂಎಲ್ ಅವನ್ನು ಬರೀ ಖಾಲಿ ಜಾಗವೆಂದು ತೋರಿಸುತ್ತದೆ, ಅಷ್ಟೆ. ಆ ಪಠ್ಯ ತೋರಿಸುವ ಡಿವ್‌ಗೆ (ಪುಟದ ಒಂದು ಭಾಗ) ಸಿಎಸ್‌ಎಸ್‌ನಲ್ಲಿ ವೈಟ್-ಸ್ಪೇಸ್ ಮೌಲ್ಯವನ್ನು ಪ್ರೀ-ವ್ರ್ಯಾಪ್ ಮಾಡಿ, ಆಗ ಸಾಲುಗಳು ಇದ್ದಂತೆಯೇ ಕಾಣುತ್ತವೆ. ಟ್ಯಾಗ್ ಮತ್ತು ಪಠ್ಯದ ನಡುವೆ ಇಂಡೆಂಟ್ ಬಿಡಬೇಡಿ, ಅದೂ ಪುಟದಲ್ಲಿ ಕಾಣುತ್ತದೆ. ಪಿಎಚ್‌ಪಿಯ ಎನ್‌ಎಲ್2ಬಿಆರ್ (ಪ್ರತಿ ನ್ಯೂಲೈನ್, ಅಂದರೆ ಸಾಲು ಮುರಿಯುವ ಗುರುತಿನ ಮುಂದೆ ಬಿಆರ್ ಟ್ಯಾಗ್ ಸೇರಿಸುವ ಫಂಕ್ಷನ್) ಬಳಸುವುದಾದರೆ ಮೊದಲು ಎಸ್ಕೇಪ್ (ಪಠ್ಯದಲ್ಲಿನ ಟ್ಯಾಗ್ ಚಿಹ್ನೆಗಳನ್ನು ಬರೀ ಅಕ್ಷರಗಳಾಗಿಸುವುದು), ಆಮೇಲೆ ಅದು. ತಿರುಗುಮುರುಗಾದರೆ ಬಿಆರ್ ಟ್ಯಾಗ್ ಅಕ್ಷರಗಳಾಗಿಯೇ ಕಾಣುತ್ತದೆ. ಪ್ರೀ-ವ್ರ್ಯಾಪ್, ಎನ್‌ಎಲ್2ಬಿಆರ್ ಎರಡನ್ನೂ ಒಟ್ಟಿಗೆ ಹಾಕಬೇಡಿ: ಎನ್‌ಎಲ್2ಬಿಆರ್ ಮೂಲ ನ್ಯೂಲೈನನ್ನು ಅಳಿಸುವುದಿಲ್ಲ, ಹಾಗಾಗಿ ಪ್ರತಿ ಸಾಲಿನ ನಡುವೆ ಒಂದು ಖಾಲಿ ಸಾಲು ಬರುತ್ತದೆ. ಡೇಟಾಬೇಸ್‌ಗೆ ಬಿಆರ್ ತುಂಬುವುದಂತೂ ಬೇಡವೇ ಬೇಡ. ನಾಳೆ ಎಡಿಟ್ ಪುಟದಲ್ಲಿ ಅದನ್ನೆಲ್ಲ ಕಿತ್ತು ತೆಗೆಯುವ ಕೆಲಸ ನಿಮ್ಮದೇ.

ಎರಡನೆಯದೇ ನಿಜವಾದ ತಲೆನೋವು. ಟೆಕ್ಸ್ಟ್‌ಏರಿಯಾಗೆ ಅಕ್ಷರದ ಮಿತಿ ಹಾಕುವ ಮ್ಯಾಕ್ಸ್‌ಲೆಂಗ್ತ್ ಒಂದು ಎಂಟರನ್ನು ಒಂದು ಅಕ್ಷರವಾಗಿ ಎಣಿಸುತ್ತದೆ. ಫಾರ್ಮ್ ಸಬ್ಮಿಟ್ ಆಗುವಾಗ ಬ್ರೌಸರ್ ಅದನ್ನು ಸಿಆರ್ (ಕ್ಯಾರೇಜ್ ರಿಟರ್ನ್, \r) ಮತ್ತು ಎಲ್‌ಎಫ್ (ಲೈನ್ ಫೀಡ್, \n) ಎಂಬ ಎರಡು ಅಕ್ಷರಗಳಾಗಿ ಕಳಿಸುತ್ತದೆ, ಬಳಕೆದಾರರದು ಲಿನಕ್ಸ್ ಇರಲಿ, ಮ್ಯಾಕ್ ಇರಲಿ. 490 ಅಕ್ಷರ, 10 ಎಂಟರ್ ಇದ್ದರೆ ಸರ್ವರ್‌ಗೆ ತಲುಪುವುದು 510. ಅದೇ ಪಠ್ಯವನ್ನು ಜಾವಾಸ್ಕ್ರಿಪ್ಟ್‌ನಿಂದ ಜೇಸನ್ (ಡೇಟಾ ಕಳಿಸುವ ಒಂದು ಪಠ್ಯರೂಪ) ಆಗಿ ಕಳಿಸಿದರೆ 500 ಮಾತ್ರ.

ಆದ್ದರಿಂದ ಉದ್ದ ಅಳೆಯುವ ಮುನ್ನವೇ ಸಿಆರ್‌ಎಲ್‌ಎಫ್ ಜೋಡಿಯನ್ನು ಎಲ್‌ಎಫ್ ಮಾಡಿ, ನಂತರ ಉಳಿದ ಒಂಟಿ ಸಿಆರ್‌ಗಳನ್ನೂ ಎಲ್‌ಎಫ್ ಮಾಡಿ. ಈ ಕ್ರಮ ತಪ್ಪಿದರೆ ಒಂದು ಎಂಟರ್ ಎರಡಾಗುತ್ತದೆ. ಪಿಎಚ್‌ಪಿಯಲ್ಲಿ \r, \n ಎಂಬ ಈ ಗುರುತುಗಳನ್ನು ಡಬಲ್ ಕೋಟ್‌ನಲ್ಲೇ ಬರೆಯಿರಿ. ಸಿಂಗಲ್ ಕೋಟ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಬರೀ ಬ್ಯಾಕ್‌ಸ್ಲ್ಯಾಶ್ ಆಗಿಯೇ ಉಳಿದು, ಏನೂ ಬದಲಾಗುವುದಿಲ್ಲ.