ಹಳೇ ಹ್ಯಾಮ್ ರೇಡಿಯೋ ಸೆಟ್ಟು ಕೆನ್‌ವುಡ್ ಟಿಎಸ್-520 ಪವರ್ ಕೊಡುತ್ತಿಲ್ಲ, ಫೈನಲ್ ಟ್ಯೂಬ್ ಎಲ್ಲಿ ಸಿಗುತ್ತದೆ?

ಆಂಟೆನಾಕ್ಕೆ ಪವರ್ ತಳ್ಳುವ ಆ ಕೊನೆಯ ಜೋಡಿ ಟ್ಯೂಬ್ ತರಿಸಬೇಡಿ. ಮೊದಲು ಸೆಟ್ಟಿನ ಬೆನ್ನು ನೋಡಿ. ಅಲ್ಲಿ ಎಸ್‌ಜಿ ಅಂತ ಬರೆದ ಒಂದು ಪುಟ್ಟ ಸ್ಲೈಡ್ ಸ್ವಿಚ್ ಇದೆ. ಅದು ಆಫ್ ಕಡೆ ಇದ್ದರೂ ತಕ್ಷಣ ಆನ್ ಮಾಡಬೇಡಿ. ಯಾಕೆ ಅಂತ ಕೆಳಗೆ ಹೇಳುತ್ತೇನೆ. ಆ ಒಂದು ಸ್ವಿಚ್ಚಿನ ವಿಷಯದಲ್ಲಿ ನಾನು ಒಂದು ಜೊತೆ ಹೊಸ ಟ್ಯೂಬ್ ಸುಟ್ಟುಕೊಂಡಿದ್ದೇನೆ.

ರಿಸೀವ್ ಚೆನ್ನಾಗಿದೆ, ಎಚ್‌ವಿ (ಟ್ಯೂಬಿನ ಪ್ಲೇಟಿಗೆ ಹೋಗುವ ಹೈ ವೋಲ್ಟೇಜು) 800ರ ಹತ್ತಿರ ತೋರಿಸುತ್ತದೆ, ಹೀಟರ್ ಕೆಂಪಗಿದೆ, ಸೆಂಡ್‌ಗೆ ಹಾಕಿದರೆ ಐಪಿ (ಪ್ಲೇಟ್ ಕರೆಂಟು) ಮುಳ್ಳು ಸೊನ್ನೆ ಬಿಟ್ಟು ಏಳುವುದಿಲ್ಲ ಅಂದಿದ್ದೀರಿ. ನನ್ನ ಸೆಟ್ಟೂ ಹೀಗೇ ಇತ್ತು. ನಾನೂ ನಿಮ್ಮ ಹಾಗೆ ಫೈನಲ್ಸ್ ಸತ್ತಿವೆ ಅಂತ ತೀರ್ಮಾನಿಸಿ, ಹೊರದೇಶದಿಂದ ಒಂದು ಜೊತೆ 6146ಬಿ ಟ್ಯೂಬ್ ತರಿಸಿ ಹಾಕಿದೆ. ಆಗಲೂ ಐಪಿ ಸೊನ್ನೆ. ಆಮೇಲೆ ಹೊಳೆಯಿತು: ಟ್ಯೂಬ್ ಹಳತಾದರೆ ಕರೆಂಟು ಕಮ್ಮಿಯಾಗುತ್ತದೆ, 60 ಮಿಲಿಆಂಪ್ ಇದ್ದದ್ದು 40 ಆಗುತ್ತದೆ, 30 ಆಗುತ್ತದೆ. ಎರಡು ಟ್ಯೂಬೂ ಒಂದೇ ದಿನ ಹೇಳಿಕೊಂಡ ಹಾಗೆ ಪೂರ್ತಿ ಸೊನ್ನೆಗೆ ಬರುವುದಿಲ್ಲ. ಎರಡಕ್ಕೂ ಒಟ್ಟಿಗೆ ಏನೋ ಒಂದು ತಪ್ಪಿದೆ ಅಂತಲೇ ಅರ್ಥ. ಈ ಸೆಟ್ಟಿನಲ್ಲಿ ಹೆಚ್ಚಾಗಿ ಹಾಗೆ ತಪ್ಪುವುದು ಸ್ಕ್ರೀನ್ ಗ್ರಿಡ್ಡಿನ, ಅಂದರೆ ಟ್ಯೂಬಿನೊಳಗೆ ಕರೆಂಟನ್ನು ಪ್ಲೇಟಿನ ಕಡೆ ಎಳೆಯುವ ಜಾಲರಿಯ ವೋಲ್ಟೇಜು; ಎಸ್‌ಜಿ ಅಂದರೆ ಅದೇ. ನ್ಯೂಟ್ರಲೈಸ್ ಮಾಡುವಾಗ (ಟ್ಯೂಬಿನ ಔಟ್‌ಪುಟ್ ಅದರ ಇನ್‌ಪುಟ್ಟಿಗೇ ವಾಪಸ್ ಸೋರದ ಹಾಗೆ ಹೊಂದಿಸುವಾಗ) ಸ್ಕ್ರೀನ್ ಕಡಿದುಹಾಕಲಿ ಅಂತ ಆ ಎಸ್‌ಜಿ ಸ್ವಿಚ್ ಇಟ್ಟಿದ್ದಾರೆ. ಯಾರೋ ಆಫ್ ಮಾಡಿ ಮರೆತಿರುತ್ತಾರೆ, ಇಲ್ಲಾ ಅಟ್ಟದಿಂದ ಇಳಿಸುವಾಗ ಬೆರಳು ತಾಗಿರುತ್ತದೆ.

ತಪ್ಪು ಆದದ್ದು ಇಲ್ಲಿಯೇ. ಸ್ವಿಚ್ ಕಾಣುವ ಮೊದಲು ಪವರ್ ಹುಡುಕುತ್ತಾ ಪ್ಲೇಟ್, ಲೋಡ್ ಎರಡೂ ನಾಬನ್ನು ಬೇಕಾಬಿಟ್ಟಿ ತಿರುಗಿಸಿಟ್ಟಿದ್ದೆ. ಸಿಗ್ನಲ್ಲಿನ ಮಟ್ಟ ಏರಿಸುವ ಕ್ಯಾರಿಯರ್ ನಾಬ್ ಪೂರ್ತಿ ಬಲಕ್ಕಿತ್ತು. ಮೋಡ್ ಸಿಡಬ್ಲ್ಯೂ (ಮೋರ್ಸ್), ಕೀ ಒತ್ತಿಯೇ ಇತ್ತು. ಆ ಸ್ಥಿತಿಯಲ್ಲಿ ಬೆನ್ನಿಗೆ ಕೈ ಹಾಕಿ ಎಸ್‌ಜಿ ಆನ್ ಮಾಡಿದೆ. ಐಪಿ ಮುಳ್ಳು ಟಕ್ಕನೆ ಬಲತುದಿಗೆ ಹೋಗಿ ಕೂತಿತು. ಟ್ರಾನ್ಸಿಸ್ಟರ್ ಸೆಟ್ಟಿನ ಪವರ್ ಮೀಟರ್ ನೋಡಿ ಅಭ್ಯಾಸವಾದ ಕಣ್ಣು, ಮುಳ್ಳು ಬಲಕ್ಕೆ ಹೋದಷ್ಟೂ ಪವರ್ ಜಾಸ್ತಿ ಅಂದುಕೊಂಡೆ. ಮುಳ್ಳು ಸ್ವಲ್ಪ ಇಳಿದರೆ ಪ್ಲೇಟ್ ನಾಬ್ ತಿರುಗಿಸಿ ಮತ್ತೆ ಮೇಲೇರಿಸಿದೆ. ಅರ್ಧ ನಿಮಿಷ ಆಗಿರಬಹುದು. ಫೈನಲ್ ಗೂಡಿನ ಜಾಲರಿಯಿಂದ ಕಿತ್ತಳೆ ಬೆಳಕು ಬಂತು. ಹೀಟರಿನ ಬೆಳಕಲ್ಲ, ಪ್ಲೇಟಿನ ತಗಡೇ ಕಾದದ್ದು. ಕೀ ಬಿಡುವಷ್ಟರಲ್ಲಿ ಮುಗಿದಿತ್ತು.

ಐಪಿ ಪವರ್ ಮೀಟರ್ ಅಲ್ಲ. ಟ್ಯೂಬು ಎಷ್ಟು ಕರೆಂಟು ಎಳೆಯುತ್ತಿದೆ ಅಂತ ಮಾತ್ರ ಅದು ಹೇಳುತ್ತದೆ, ಆ ಕರೆಂಟು ಎಲ್ಲಿಗೆ ಹೋಯಿತು ಅಂತ ಹೇಳುವುದಿಲ್ಲ. ಲೆಕ್ಕ ಹಾಕಿ ನೋಡಿ. 800 ವೋಲ್ಟ್, 200 ಮಿಲಿಆಂಪ್ ಅಂದರೆ ಒಳಗೆ ಹೋಗುವುದು 160 ವಾಟ್. ಟ್ಯೂನ್ ಸರಿ ಇದ್ದರೆ ಅದರಲ್ಲಿ 100 ವಾಟ್ ಆಂಟೆನಾಕ್ಕೆ ಹೋಗುತ್ತದೆ, 60 ವಾಟ್ ಪ್ಲೇಟಿನಲ್ಲಿ ಬಿಸಿಯಾಗಿ ಉಳಿಯುತ್ತದೆ. 6146ಬಿ ಒಂದರ ಪ್ಲೇಟ್ ಬಿಟ್ಟುಬಿಟ್ಟು ಬಳಸಿದರೆ ತಾಳುವುದು 35 ವಾಟ್, ಎರಡಕ್ಕೆ 70. ಅಂದರೆ ಎಲ್ಲ ಸರಿ ಇದ್ದಾಗಲೇ ಅಂಚಿನಲ್ಲಿರುತ್ತದೆ. ಈಗ ಟ್ಯೂನ್ ತಪ್ಪಿಸಿ. ಕರೆಂಟು 300 ಆಯಿತು ಅನ್ನಿ, ಒಳಗೆ ಹೋದದ್ದು 240 ವಾಟ್, ಹೊರಗೆ ಹೋದದ್ದು ಹೆಚ್ಚುಕಮ್ಮಿ ಏನೂ ಇಲ್ಲ. 70 ತಾಳುವ ತಗಡಿನ ಮೇಲೆ ಆ 240ಕ್ಕೆ 240ನ್ನೂ ಸುರಿದ ಹಾಗಾಯಿತು.

ಪ್ಲೇಟ್ ಕೆಪಾಸಿಟರ್, ಕಾಯಿಲ್, ಲೋಡ್ ಕೆಪಾಸಿಟರ್ ಮೂರೂ ಸೇರಿ ಪೈ ನೆಟ್‌ವರ್ಕ್. ಅದು ನಿಮ್ಮ ಫ್ರೀಕ್ವೆನ್ಸಿಗೆ ರೆಸೊನೆನ್ಸ್ ಆದಾಗ ಟ್ಯೂಬಿಗೆ ದೊಡ್ಡ ರೆಸಿಸ್ಟೆನ್ಸ್ ಹಾಗೆ ಕಾಣುತ್ತದೆ. ಆಗ ಪ್ಲೇಟ್ ವೋಲ್ಟೇಜು ನೂರಾರು ವೋಲ್ಟ್ ತೂಗಾಡುತ್ತದೆ, ಟ್ಯೂಬು ಕರೆಂಟು ಹರಿಸುವ ಹೊತ್ತಿಗೆ ಪ್ಲೇಟಿನಲ್ಲಿ ವೋಲ್ಟೇಜು ತಳಕ್ಕಿಳಿದಿರುತ್ತದೆ, ಹಾಗಾಗಿ ಬಿಸಿ ಕಮ್ಮಿ. ರೆಸೊನೆನ್ಸ್ ತಪ್ಪಿದರೆ ತೂಗಾಟ ಇಲ್ಲ. ಪೂರ್ತಿ 800 ವೋಲ್ಟ್ ಪ್ಲೇಟಿನ ಮೇಲೆ ನಿಂತಿರುವಾಗಲೇ ಪೂರ್ತಿ ಕರೆಂಟು ಹರಿಯುತ್ತದೆ. ಇಬ್ಬರು ಒಂದೇ ಒರಳಿಗೆ ಒನಕೆ ಹಾಕುವುದನ್ನು ನೋಡಿದ್ದರೆ ಗೊತ್ತಾಗುತ್ತದೆ. ತಾಳ ಕೂಡಿದರೆ ಭತ್ತ ಅಕ್ಕಿಯಾಗುತ್ತದೆ, ತಪ್ಪಿದರೆ ಒನಕೆಗೆ ಒನಕೆ ಬಡಿಯುತ್ತದೆ. ಪಡುವ ಶ್ರಮ ಎರಡೂ ಸಲ ಅಷ್ಟೇ. ಆದ್ದರಿಂದ ಪ್ಲೇಟ್ ನಾಬ್ ತಿರುಗಿಸುವಾಗ ಹುಡುಕಬೇಕಾದ್ದು ಐಪಿ ಮುಳ್ಳು ತಟ್ಟನೆ ಕೆಳಗೆ ಬೀಳುವ ಜಾಗ. ಹ್ಯಾಮ್‌ಗಳು ಡಿಪ್ ಅನ್ನುವುದು ಅದಕ್ಕೇ. ನಾನು ಹತ್ತಿಸಿದ್ದು ಗುಡ್ಡಕ್ಕೆ, ಇಳಿಯಬೇಕಿದ್ದದ್ದು ಹಳ್ಳಕ್ಕೆ.

ನೀವು ಟ್ಯೂಬಿಗೆ ಎತ್ತಿಟ್ಟ ದುಡ್ಡಿನಲ್ಲಿ ಸಣ್ಣ ಪಾಲು ಡಮ್ಮಿ ಲೋಡ್‌ಗೆ, ಅಂದರೆ ಆಂಟೆನಾ ಬದಲು ಪವರ್ ನುಂಗುವ 50 ಓಮಿನ ರೆಸಿಸ್ಟರಿಗೆ ಹಾಕಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 1 ಕಿಲೋಓಮ್, 2 ವಾಟಿನ ಮೆಟಲ್ ಆಕ್ಸೈಡ್ ಇಲ್ಲವೇ ಕಾರ್ಬನ್ ರೆಸಿಸ್ಟರ್ 20 ತನ್ನಿ. ಎರಡು ತಾಮ್ರದ ತಗಡಿನ ನಡುವೆ ಎಲ್ಲವನ್ನೂ ಪ್ಯಾರಲಲ್ ಆಗಿ ಸೋಲ್ಡರ್ ಮಾಡಿ, ಕಾಲುಗಳು ಆದಷ್ಟು ಗಿಡ್ಡ ಇರಲಿ. 1000 ಭಾಗಿಸು 20, 50 ಓಮ್. ಗಾಳಿಯಲ್ಲಿ 40 ವಾಟ್ ತಾಳುತ್ತದೆ. ಪೇಂಟ್ ಡಬ್ಬಿಯಲ್ಲಿ ಟ್ರಾನ್ಸ್‌ಫಾರ್ಮರ್ ಎಣ್ಣೆ ತುಂಬಿ ಮುಳುಗಿಸಿದರೆ 100 ವಾಟನ್ನು 10 ಸೆಕೆಂಡ್ ಕೊಟ್ಟು ಒಂದು ನಿಮಿಷ ಬಿಡಬಹುದು. ಅಡುಗೆ ಎಣ್ಣೆ ಕಮಟುತ್ತದೆ, ಬೇಡ. ಬಿಳಿ ಸಿಮೆಂಟ್ ರೆಸಿಸ್ಟರ್ ಬೇಡವೇ ಬೇಡ, ಒಳಗಿರುವುದು ಸುತ್ತಿದ ತಂತಿ, ಎಚ್‌ಎಫ್‌ನಲ್ಲಿ (ಶಾರ್ಟ್‌ವೇವ್ ಫ್ರೀಕ್ವೆನ್ಸಿಯಲ್ಲಿ) ಕಾಯಿಲ್ ಆಗಿಬಿಡುತ್ತದೆ. 100 ವಾಟಿನ ಬಲ್ಬು ಹಾಕಿ ಅಂತ ಹೇಳುವವರು ಇನ್ನೂ ಇದ್ದಾರೆ. 230 ವೋಲ್ಟಿನ ಆ ಬಲ್ಬು ಉರಿಯುವಾಗ 529 ಓಮ್, ತಣ್ಣಗಿದ್ದಾಗ ಅದರ ಹತ್ತನೇ ಒಂದಕ್ಕಿಂತಲೂ ಕಮ್ಮಿ. ಅದಕ್ಕೆ ಟ್ಯೂನ್ ಮಾಡಿದರೆ ಬಲ್ಬಿಗೆ ಟ್ಯೂನ್ ಆಗುತ್ತದೆ, ಆಂಟೆನಾಕ್ಕಲ್ಲ.

ಆ ಬಲ್ಬಿಗೆ ಬೇರೆ ಉಪಯೋಗ ಇದೆ. ಇಪ್ಪತ್ತು ವರ್ಷ ಮುಚ್ಚಿಟ್ಟ ಸೆಟ್ಟನ್ನು ನೀವು ನೇರ ಪ್ಲಗ್ಗಿಗೆ ಹಾಕಿದಿರಿ, ಉಳಿದುಕೊಂಡಿತು, ನಿಮ್ಮ ಪುಣ್ಯ. ಇನ್ನೂ ಹಾಕದವರು ಈ ಸಾಲು ಓದುತ್ತಿದ್ದರೆ: ಹೀಟರ್ ಸ್ವಿಚ್ ಆಫ್ ಇಟ್ಟು, ಮೇನ್ಸ್ ಲೈನಿಗೆ ಸೀರೀಸ್‌ನಲ್ಲಿ 100 ವಾಟಿನ ತಂತಿ ಬಲ್ಬು ಹಾಕಿ ಆನ್ ಮಾಡಿ. ಒಮ್ಮೆ ಜೋರಾಗಿ ಹತ್ತಿ ಮಂಕಾದರೆ ಸರಿ. ಜೋರಾಗಿಯೇ ಉಳಿದರೆ ಎಲೆಕ್ಟ್ರೊಲೈಟಿಕ್ ಕೆಪಾಸಿಟರೋ ಡಯೋಡೋ ಶಾರ್ಟ್ ಆಗಿದೆ, ಅಲ್ಲಿಗೇ ನಿಲ್ಲಿಸಿ. ಎಲ್‌ಇಡಿ ಬಲ್ಬಿನಲ್ಲಿ ಈ ಕೆಲಸ ಆಗುವುದಿಲ್ಲ. ಸೆಟ್ಟು 220 ವೋಲ್ಟಿನ ಟ್ಯಾಪಿನಲ್ಲಿದೆಯೇ ಅಂತ ಅದಕ್ಕಿಂತ ಮೊದಲೇ ನೋಡಿ, 120ರಲ್ಲಿ ಬಿಟ್ಟವರಿದ್ದಾರೆ. 220ರಲ್ಲಿದ್ದರೂ ನಡುರಾತ್ರಿ ನಮ್ಮ ಲೈನು 240ಕ್ಕೆ ಏರಿದರೆ 6.3 ವೋಲ್ಟಿನ ಹೀಟರಿಗೆ 6.9ರ ಹತ್ತಿರ ಹೋಗುತ್ತದೆ. ಟ್ಯೂಬಿನ ಮಿತಿ ಶೇ. 10, ಅಲ್ಲಿಗೆ ಅಂಚಿಗೆ ಬಂತು. ಲೈನು ಏರುವ ಊರಾದರೆ ಸ್ಟೆಬಿಲೈಜರ್ ಇಡಿ.

ಇನ್ನು ನಿಮ್ಮ ಸೆಟ್ಟಿಗೆ ಬನ್ನಿ. ರಿಸೀವ್‌ನಲ್ಲಿ ಇದ್ದಾಗ, ಕ್ಯಾರಿಯರ್ ಮತ್ತು ಮೈಕ್ ಎರಡೂ ಪೂರ್ತಿ ಎಡಕ್ಕೆ ಇಟ್ಟು ಎಸ್‌ಜಿ ಆನ್ ಮಾಡಿ. ಆಂಟೆನಾ ಸಾಕೆಟ್ಟಿಗೆ ಡಮ್ಮಿ ಲೋಡ್. ಹೀಟರ್ ಆನ್ ಮಾಡಿ ಮೂರು ನಾಲ್ಕು ನಿಮಿಷ ಕಾಯಿರಿ, ಹಿಂದಿನ ಫ್ಯಾನ್ ತಿರುಗುತ್ತಿದೆಯೇ ಅಂತ ಕೈಯೊಡ್ಡಿ ನೋಡಿ. ಮೋಡ್ ಯುಎಸ್‌ಬಿ (ಅಪ್ಪರ್ ಸೈಡ್‌ಬ್ಯಾಂಡ್, ಮಾತಾಡುವ ಮೋಡ್), ಮೀಟರ್ ಐಪಿಯಲ್ಲಿ. ಒಂದು ಕ್ಷಣ ಸೆಂಡ್. ಮುಳ್ಳು 60 ಮಿಲಿಆಂಪ್ ಹತ್ತಿರ ನಿಲ್ಲಬೇಕು, ಇಲ್ಲದಿದ್ದರೆ ಈ ಸುಮ್ಮನಿರುವಾಗಿನ ಕರೆಂಟು ಹೊಂದಿಸುವ ಬಯಾಸ್ ಕಂಟ್ರೋಲ್‌ನಲ್ಲಿ ಸರಿಮಾಡಿ. ಏನೂ ಮಾತಾಡದೆ ಸುಮ್ಮನಿದ್ದಾಗಲೇ ಆ 60 ಮಿಲಿಆಂಪ್ 48 ವಾಟ್ ಬಿಸಿ ಅನ್ನುವುದು ನೆನಪಿರಲಿ.

60 ನಿಂತಿತೇ? ಹಾಗಾದರೆ ನಿಮ್ಮ ಟ್ಯೂಬ್ ಬದುಕಿವೆ. ಬ್ಯಾಂಡ್ 40 ಮೀಟರ್ ಇಟ್ಟು, ರಿಸೀವ್‌ನಲ್ಲೇ ಡ್ರೈವ್ ನಾಬನ್ನು ಗದ್ದಲ ಅತಿ ಹೆಚ್ಚು ಕೇಳುವ ಜಾಗಕ್ಕೆ ತನ್ನಿ, ಟ್ರಾನ್ಸ್‌ಮಿಟ್‌ಗೂ ಅದೇ ಜಾಗ ಹತ್ತಿರವಿರುತ್ತದೆ. ಪ್ಲೇಟ್ ನಾಬನ್ನು ಅದರ ಸುತ್ತ ಬರೆದಿರುವ 40ರ ಗುರುತಿಗೆ, ಲೋಡನ್ನು ಪೂರ್ತಿ ಎಡಕ್ಕೆ. ಮೋಡನ್ನು ಟ್ಯೂನ್‌ಗೆ ತಂದು ಕ್ಯಾರಿಯರ್ ಸ್ವಲ್ಪವೇ ಏರಿಸಿ, ಸೆಂಡ್ ಹಾಕಿ, ಬಾಯಿಬಿಟ್ಟು ಒಂದರಿಂದ ಐದು ಎಣಿಸಿ. ಐದರೊಳಗೆ ಪ್ಲೇಟ್ ತಿರುಗಿಸಿ ಡಿಪ್ ಹಿಡಿಯಬೇಕು. ಸಿಗಲಿಲ್ಲವೋ, ರಿಸೀವ್‌ಗೆ ಹಾಕಿ ಹದಿನೈದು ಸೆಕೆಂಡ್ ಬಿಟ್ಟು ಮತ್ತೆ. ಸಿಕ್ಕ ಮೇಲೆ ಮೀಟರನ್ನು ಆರ್‌ಎಫ್‌ಓಗೆ (ಹೊರಗೆ ಹೋಗುವ ಪವರಿನ ಅಂದಾಜಿಗೆ) ಬದಲಿಸಿ, ಲೋಡನ್ನು ಒಂದು ಚೂರು ಬಲಕ್ಕೆ, ಪ್ಲೇಟನ್ನು ಮತ್ತೆ ಗರಿಷ್ಠಕ್ಕೆ, ಲೋಡ್ ಇನ್ನೊಂದು ಚೂರು. ಲೋಡ್ ಏರಿಸುತ್ತಾ ಹೋದಂತೆ ಡಿಪ್ ಆಳ ಕಮ್ಮಿಯಾಗುತ್ತದೆ, ಅದು ಸಹಜ, ಪವರ್ ಹೊರಗೆ ಹೋಗುತ್ತಿರುವ ಲಕ್ಷಣ. ಆರ್‌ಎಫ್‌ಓ ಏರುವುದು ನಿಂತಲ್ಲಿ ನಿಲ್ಲಿಸಿ. ಕೊನೆಗೆ ಸಿಡಬ್ಲ್ಯೂನಲ್ಲಿ ಕ್ಯಾರಿಯರ್ ಏರಿಸಿ ಒಂದು ಸಲ ತಿದ್ದಿ, ಅದೂ ಐದರ ಎಣಿಕೆಯೊಳಗೆ. ನಿಮ್ಮ ಕಾಲ್‌ಸೈನ್ ವಿಯು3 ಅಂದಿರಿ, ಅಂದರೆ ರಿಸ್ಟ್ರಿಕ್ಟೆಡ್ ಗ್ರೇಡಿನ ಲೈಸೆನ್ಸು. ಅದರ ಮಿತಿ 50 ವಾಟ್, ಈ ಸೆಟ್ಟು ಅದಕ್ಕಿಂತ ಜಾಸ್ತಿ ಕೊಡುತ್ತದೆ, ಕ್ಯಾರಿಯರನ್ನೂ ಮೈಕ್ ಗೇನನ್ನೂ ಅದಕ್ಕೆ ತಕ್ಕ ಹಾಗೆ ಇಳಿಸಿಯೇ ಇಡಿ.

ಆಂಟೆನಾ ಟ್ಯೂನರ್ ಯಾವುದು ಒಳ್ಳೆಯದು ಅಂತಲೂ ಕೇಳಿದ್ದೀರಿ. ಯಾವುದೂ ಬೇಡ. ಮುಂದೆ ಇರುವ ಪ್ಲೇಟ್, ಲೋಡ್ ಎರಡೇ ಒಂದು ಸಣ್ಣ ಟ್ಯೂನರ್, ಎಸ್‌ಡಬ್ಲ್ಯೂಆರ್ (ಆಂಟೆನಾ ಸೆಟ್ಟಿಗೆ ಎಷ್ಟು ಹೊಂದುತ್ತದೆ ಅನ್ನುವ ಅಳತೆ, 1 ಅಂದರೆ ಪೂರ್ತಿ) 2ರ ಒಳಗಿದ್ದರೆ ಅವೇ ಸರಿದೂಗಿಸುತ್ತವೆ. 7.1 ಮೆಗಾಹರ್ಟ್ಜ್‌ಗೆ ಡೈಪೋಲ್, ಅಂದರೆ ನಡುವೆ ಕೇಬಲ್ ಕೊಟ್ಟ ಎರಡು ಕೈಯ ತಂತಿ ಆಂಟೆನಾ ಕಟ್ಟಿ: 143 ಭಾಗಿಸು 7.1, ಒಟ್ಟು 20.1 ಮೀಟರ್. ಪ್ರತಿ ಕೈಗೆ 10.3 ಮೀಟರ್ ಕತ್ತರಿಸಿ ಮೇಲೇರಿಸಿ, ಅಳೆದು, ಎರಡೂ ಕಡೆ ಸಮನಾಗಿ ಐದೈದು ಸೆಂಟಿಮೀಟರ್ ಕಡಿಯುತ್ತಾ ಬನ್ನಿ. ತೆಂಗಿನ ಮರಕ್ಕೆ ಕಟ್ಟುವುದಾದರೆ ನೈಲಾನ್ ಹಗ್ಗ ಸ್ವಲ್ಪ ಸಡಿಲ ಬಿಡಿ, ಗಾಳಿಗೆ ಮರ ತೂಗಿದರೆ ತಂತಿ ಹರಿಯುತ್ತದೆ.

ಡಯಲ್ ಸುಳ್ಳು ಹೇಳುತ್ತದೆ ಅನಿಸಿದರೆ ಅರ್ಧ ಗಂಟೆ ಬಿಸಿಯಾಗಲು ಬಿಟ್ಟು, 25 ಕಿಲೋಹರ್ಟ್ಜ್ ಕ್ಯಾಲಿಬ್ರೇಟರ್ ಹಾಕಿ 7.100ರಲ್ಲಿ ಸರಿಮಾಡಿಕೊಳ್ಳಿ. ಈ ಕಾಲದ 600 ಓಮಿನ ಮೈಕ್ ಹಾಕಿದರೆ ಧ್ವನಿ ಕ್ಷೀಣ ಬರುತ್ತದೆ, ಇದು ಕೇಳುವುದು 50 ಕಿಲೋಓಮಿನದನ್ನು. ಅದನ್ನೂ ಟ್ಯೂಬಿನ ತಲೆಗೆ ಕಟ್ಟಬೇಡಿ.

ನಿಜವಾಗಿಯೂ ಟ್ಯೂಬ್ ಬದಲಿಸುವ ದಿನ ಬಂದರೆ, ಮೂಲದ ಎಸ್2001 ಜಾಗಕ್ಕೆ 6146ಬಿ ಕೂರುತ್ತದೆ. ಜೊತೆಯಾಗಿ ಬದಲಿಸಿ, ಬಯಾಸ್ ಮತ್ತೆ 60ಕ್ಕೆ ಇಡಿ, ನ್ಯೂಟ್ರಲೈಸ್ ಮಾಡದೆ ಬಳಸಬೇಡಿ. ಆಗಿದೆಯೋ ಇಲ್ಲವೋ ತಿಳಿಯುವ ಸುಲಭ ಲಕ್ಷಣ: 10 ಮೀಟರ್ ಬ್ಯಾಂಡಿನಲ್ಲಿ ಐಪಿ ಕನಿಷ್ಠವಾಗುವ ಜಾಗ, ಆರ್‌ಎಫ್‌ಓ ಗರಿಷ್ಠವಾಗುವ ಜಾಗ ಒಂದೇ ಆಗಿರಬೇಕು. ಟ್ಯೂಬಿನ ನೆತ್ತಿಯ ಮೇಲಿರುವ ಕ್ಯಾಪೇ ಪ್ಲೇಟ್, 800 ವೋಲ್ಟ್ ಇರುವುದು ಅಲ್ಲಿ. ಪ್ಲಗ್ ಕಿತ್ತು ಐದು ನಿಮಿಷ ಬಿಟ್ಟು, 10 ಕಿಲೋಓಮ್, 10 ವಾಟಿನ ರೆಸಿಸ್ಟರನ್ನು ಇನ್ಸುಲೇಟೆಡ್ ಹಿಡಿಯಿಂದ ಚಾಸಿಗೆ ಮುಟ್ಟಿಸಿ, ಮಲ್ಟಿಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆ ಕೈ ಹಾಕಿ. ಇನ್ನೊಂದು ಕೈ ಜೇಬಿನಲ್ಲಿ.

ಎಸ್‌ಜಿ ಆನ್ ಇದ್ದೂ ಐಪಿ ಸೊನ್ನೆಯೇ ಆದರೆ ಆ ಸ್ವಿಚ್ಚಿಗೆ ಕಿಲುಬು ಹಿಡಿದಿರಬಹುದು. ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು ಇಪ್ಪತ್ತು ಸಲ ಆಚೀಚೆ ಆಡಿಸಿ. ಆಮೇಲೂ ಇಲ್ಲವೆಂದರೆ ಟ್ಯೂಬ್ ಸಾಕೆಟ್ಟಿನ 3ನೇ ಪಿನ್ನಿಗೆ, ಸೆಟ್ ಆಫ್ ಇದ್ದಾಗಲೇ, ಮೀಟರಿನ ಕ್ಲಿಪ್ ಕಚ್ಚಿಸಿ, ಆಮೇಲೆ ಆನ್ ಮಾಡಿ ಸೆಂಡ್‌ಗೆ ಹಾಕಿ ಓದಿ. ಅದು ಸ್ಕ್ರೀನ್, 200 ವೋಲ್ಟಿನ ಆಸುಪಾಸು ಇರಬೇಕು. 5ನೇ ಪಿನ್ ಕಂಟ್ರೋಲ್ ಗ್ರಿಡ್, ಅಲ್ಲಿ ಮೈನಸ್ ಇರಬೇಕು. ಅದರ ಮೈನಸ್ ಅತಿಯಾಗಿದ್ದರೂ ಐಪಿ ಸೊನ್ನೆಯೇ ಬರುತ್ತದೆ. ಎರಡೂ ಪಿನ್ನಿನ ರೀಡಿಂಗ್ ಇಲ್ಲಿ ಕೆಳಗೆ ಹಾಕಿ, ನೋಡಿ ಹೇಳುತ್ತೇನೆ.