ನಲವತ್ತೊಂದನೇ ಮೆಸೇಜು

ಬೆನ್ನುಬಿದ್ದವನ ಕಾಟಕ್ಕೆ ಸಲಹೆ ಕೇಳಿ ನನ್ನ ಬಳಿ ಬರುವವರ ಮುಖಗಳು ಬೇರೆ, ತಪ್ಪು ಮಾತ್ರ ಅದೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಆಕೆ ನರ್ಸಿಂಗ್ ವಿದ್ಯಾರ್ಥಿನಿ, ವಾಸ ಹಾಸ್ಟೆಲಿನಲ್ಲಿ. ಹಿಂದೆ ಅದೇ ಬಸ್ಸಿಗೆ ಬರುತ್ತಿದ್ದವನೊಬ್ಬ ಇನ್‌ಸ್ಟಾಗ್ರಾಂನಲ್ಲಿ ಗಂಟುಬಿದ್ದಿದ್ದ. ಬ್ಲಾಕ್ ಮಾಡಿದಷ್ಟೂ ಹೊಸ ಅಕೌಂಟು. ಫೋನ್ ಕಿತ್ತುಕೊಳ್ಳುತ್ತೇನೆಂದು ಅಣ್ಣ, ಓದು ಬಿಡಿಸೋಣವೆಂದು ಅಮ್ಮ.

ಎರಡನೇ ಭೇಟಿಗೆ ಸ್ಕ್ರೀನ್‌ಶಾಟ್‌ಗಳನ್ನು ತಂದಿದ್ದಳು. ಅಣ್ಣ ನೋಡಿಯಾನೆಂದು ಕೊಳಕು ಮಾತುಗಳ ಮೇಲೆಲ್ಲ ಕಪ್ಪು ಬಳಿದಿದ್ದಳು. ಅವನ ಅಕೌಂಟಿನ ಹೆಸರು, ದಿನಾಂಕ ಎರಡೂ ಕತ್ತರಿಸಿ ಹೋಗಿದ್ದವು. ನಡುವೆ ಆಕೆಯದೇ ಒಂದು ಸಾಲು: "ಪ್ಲೀಸ್ ಬಿಟ್ಬಿಡಿ, ನಂಗೆ ಎಕ್ಸಾಂ ಇದೆ."

ಅವನ ಎಷ್ಟು ಮೆಸೇಜಾದ ಮೇಲೆ ಇದನ್ನು ಬರೆದಿರಿ ಎಂದು ಕೇಳಿದೆ. ಫೋನ್ ತೆಗೆದು ಎಣಿಸಿದಳು. "ನಲವತ್ತು ಮೇಡಂ. ತಡೆಯೋಕಾಗ್ಲಿಲ್ಲ."

"ಅಂದ್ರೆ ನಲವತ್ತು ಕಳಿಸಿದ್ರೆ ಒಂದು ಉತ್ತರ ಸಿಗುತ್ತೆ ಅಂತ ಅವನಿಗೆ ಗೊತ್ತಾಯ್ತು."

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಎಕ್ಸಾಂ ಮುಗಿದ ದಿನವೇ 'ಹೇಗಾಯ್ತು?' ಅಂತ ಕಳಿಸಿದ್ದ."

ಕಾರಣ ಕೊಟ್ಟರೆ ಹೀಗೇ ಆಗುತ್ತದೆ. 'ಎಕ್ಸಾಂ ಇದೆ' ಎಂದರೆ 'ಮುಗಿದ ಮೇಲೆ ಬಾ' ಎಂದು ಅವನಿಗೆ ಕೇಳಿಸುತ್ತದೆ. ಹಾಗಾಗಿ ಒಂದೇ ಸಲ, ಬೇಡಿಕೊಳ್ಳದೆ ಬರೆಯಲು ಹೇಳಿದೆ: "ನಿಮ್ಮ ಜೊತೆ ನನಗೆ ಯಾವ ಸಂಪರ್ಕವೂ ಬೇಡ. ಇನ್ನು ಮೆಸೇಜ್, ಫೋನ್ ಮಾಡಬೇಡಿ." ಆಮೇಲೆ ಒಂದಕ್ಷರವೂ ಇಲ್ಲ. ಅಣ್ಣ ಫೋನ್ ಮಾಡಿ ಗದರಿಸಿದರೆ ಅದೂ ಉತ್ತರವೇ. ಈ ಸಾಲು ಕಾನೂನಿಗೂ ಬೇಕು. ಹೆಣ್ಣು ತನಗೆ ಇಷ್ಟವಿಲ್ಲವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಬೆನ್ನುಬಿದ್ದು ಮತ್ತೆ ಮತ್ತೆ ಸಂಪರ್ಕಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಅಪರಾಧ. ಮೊದಲ ಸಲ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಸಜೆ.

ಬ್ಲಾಕ್ ಮಾಡಲು ಅವಸರ ಬೇಡ, ಮೊದಲು ಸಾಕ್ಷ್ಯ ಕೂಡಿಡಿ ಎಂದೆ. ಕಳಿಸಿದ್ದನ್ನು ಅವನು ಅನ್‌ಸೆಂಡ್ ಮಾಡಬಲ್ಲ, ಅಕೌಂಟನ್ನೇ ಅಳಿಸಬಲ್ಲ. 'ರಿಸ್ಟ್ರಿಕ್ಟ್' ಒತ್ತಿದರೆ ಅವನಿಗೆ ಸುಳಿವು ಹೋಗುವುದಿಲ್ಲ. ಮೆಸೇಜುಗಳು ರಿಕ್ವೆಸ್ಟ್ ಪಟ್ಟಿಗೆ ಬೀಳುತ್ತವೆ, ಓದಿದ್ದೂ ಅವನಿಗೆ ತಿಳಿಯದು. ದಿನಾ ಅದನ್ನೇ ನೋಡುತ್ತ ಕೂರುವುದು ಬೇಡ. ರೂಮ್‌ಮೇಟ್ ಎರಡು ದಿನಕ್ಕೊಮ್ಮೆ ತೆರೆದು ಇಡೀ ಪರದೆಯ ಸ್ಕ್ರೀನ್‌ಶಾಟ್ ತೆಗೆಯಲಿ. ಪ್ರೊಫೈಲಿನಿಂದ ಚಾಟ್‌ವರೆಗೆ ಒಂದೇ ಓಟದ ಸ್ಕ್ರೀನ್ ರೆಕಾರ್ಡಿಂಗ್ ಇರಲಿ, ಪ್ರೊಫೈಲ್ ಲಿಂಕೂ ಇರಲಿ. ಫೋನ್ ರೀಸೆಟ್ ಮಾಡಬಾರದು, ಮಾರಬಾರದು. ದೂರು ಕೊಟ್ಟ ಮೇಲೆ ಬ್ಲಾಕ್. ಆಗ ಅವನು ಮುಂದೆ ತೆರೆಯುವ ಅಕೌಂಟುಗಳನ್ನೂ ಸೇರಿಸುವ ಆಯ್ಕೆಯನ್ನೇ ಒತ್ತಬೇಕು. ಅದೂ ಪೂರ್ತಿ ತಡೆಯುವುದಿಲ್ಲ. ಇನ್ನು, ಹಾಸ್ಟೆಲ್ ಹತ್ತಿರ ಕಾಣಿಸಿಕೊಂಡರೆ, ಕೊಲ್ಲುವ ಮಾತಾಡಿದರೆ, ಈ ಯಾವ ಲೆಕ್ಕವೂ ಇಲ್ಲ, ನೇರ 112.

ಫೋನ್ ಕಿತ್ತುಕೊಳ್ಳಬೇಡಿ ಎಂದಾಗ ಅಣ್ಣನಿಗೆ ಸಿಟ್ಟು ಬಂತು. ಬರಲಿ. ಸಾಕ್ಷ್ಯ ಇರುವುದೇ ಆ ಫೋನಿನಲ್ಲಿ. ಅಲ್ಲದೆ, ಬಾಯಿಬಿಟ್ಟದ್ದಕ್ಕೆ ಶಿಕ್ಷೆ ಸಿಕ್ಕರೆ ಮುಂದಿನ ಸಲ ಹುಡುಗಿ ಬಾಯಿ ಬಿಡುವುದಿಲ್ಲ.

ಮೌನದ ಮೊದಲ ವಾರ ಮೆಸೇಜುಗಳು ಹೆಚ್ಚಿದವು, ಮೊದಲೇ ಎಚ್ಚರಿಸಿದ್ದಂತೆ. ನಲವತ್ತು ದಾಟಿದರೂ ಆಕೆ ಬರೆಯಲಿಲ್ಲ. ಅಷ್ಟೂ ಪ್ರಿಂಟಾಗಿ ಠಾಣೆಗೆ ಹೋದವು.

ಒಂದು ಪ್ರಶ್ನೆ ಉಳಿದಿತ್ತು. ಆಕೆಯ ಅಕೌಂಟು ಪ್ರೈವೇಟ್, ಆದರೂ "ಹಸಿರು ಚೂಡಿದಾರ ಚೆನ್ನಾಗಿತ್ತು" ಎಂದು ಬರೆದಿದ್ದ. ಹುಡುಕಿದರೆ, ಎಂಟನೇ ತರಗತಿಯ ಅಕ್ಕನ ಮಗಳು ಗೃಹಪ್ರವೇಶದ ಫೋಟೋವನ್ನು ಚಿಕ್ಕಮ್ಮನನ್ನು ಟ್ಯಾಗ್ ಮಾಡಿ ಹಾಕಿದ್ದಳು, ಎಲ್ಲರಿಗೂ ಕಾಣುವಂತೆ. ಅವಳ ಫಾಲೋವರ್‌ಗಳನ್ನು ಒಟ್ಟಿಗೆ ಕೂತು ನೋಡಿದರು. ಗುಲಾಬಿ ಹೂವಿನ ಚಿತ್ರ, ಹುಡುಗಿಯ ಹೆಸರು, ಒಂದೂ ಪೋಸ್ಟ್ ಇಲ್ಲ.

"ಇವಳು ಯಾರು ಪುಟ್ಟಿ?"

"ನಿಮ್ಮ ಫ್ರೆಂಡ್ ಅಂದ್ಲಲ್ಲ, ಚಿಕ್ಕಮ್ಮ."