ಸಿ.ಎಸ್.ಐ. ವರ, ಕ್ಯಾಥೊಲಿಕ್ ವಧು: ಮದುವೆಗೆ ತಡೆಯಿದೆಯೇ?
ನೀವು ಸಿ.ಎಸ್.ಐ., ಅಂದರೆ ಆಂಗ್ಲಿಕನ್ (ಇಂಗ್ಲೆಂಡ್ ಸಭೆಯ) ಮತ್ತಿತರ ಪ್ರೊಟೆಸ್ಟೆಂಟ್ ಸಭೆಗಳು ಸೇರಿ ಆದ ದಕ್ಷಿಣ ಭಾರತ ಸಭೆಯವರು. ನಿಮಗೆ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಕೊಡದ ಕ್ಯಾಥೊಲಿಕ್ ಗುರುಗಳು ಮದುವೆಯನ್ನಾದರೂ ಮಾಡಿಸುತ್ತಾರೆಯೇ ಎಂದು ಕೇಳಿದ್ದೀರಿ. ಮಾಡಿಸುತ್ತಾರೆ. ಅವರು ನಿಮ್ಮ ದೀಕ್ಷಾಸ್ನಾನವನ್ನು (ಬ್ಯಾಪ್ಟಿಸಂ) ಒಪ್ಪುತ್ತಾರೆ; ಒಪ್ಪದಿರುವುದು ಆಂಗ್ಲಿಕನ್ ಪರಂಪರೆಯ ಯಾಜಕದೀಕ್ಷೆಯನ್ನು, ಅಂದರೆ ಪಾದ್ರಿಯಾಗಲು ಕೊಡುವ ದೀಕ್ಷೆಯನ್ನು. ಪೋಪ್ ಹದಿಮೂರನೆಯ ಲಿಯೋ 1896ರಲ್ಲೇ ಅದನ್ನು ಅಸಿಂಧುವೆಂದರು. ಆ ಪರಂಪರೆಯ ಸಭೆಗಳು ಮಹಿಳೆಯರಿಗೂ ಯಾಜಕದೀಕ್ಷೆ ಕೊಡತೊಡಗಿದ ಮೇಲೆ ಗಂಟು ಇನ್ನಷ್ಟು ಬಿಗಿದಿದೆ; ನಿಮ್ಮ ಲಗ್ನದ ಹೊತ್ತಿಗಂತೂ ಬಿಚ್ಚುವುದಿಲ್ಲ.

ಮೊದಲು ನಿಮ್ಮ ಸಭಾಪಾಲಕರಿಂದ ದೀಕ್ಷಾಸ್ನಾನದ ಪ್ರಮಾಣಪತ್ರ ಪಡೆಯಿರಿ. ಆಮೇಲೆ ಇಬ್ಬರೂ ವಧುವಿನ ಧರ್ಮಕೇಂದ್ರದ (ಸ್ಥಳೀಯ ಚರ್ಚಿನ) ಗುರುಗಳನ್ನು ಕಂಡು, ಅವರ ಮೂಲಕ ಧರ್ಮಾಧ್ಯಕ್ಷರ (ಬಿಷಪ್) ಅನುಮತಿ ಕೇಳಿ. ಮಕ್ಕಳನ್ನು ಕ್ಯಾಥೊಲಿಕರಾಗಿ ಬೆಳೆಸಲು ಕೈಲಾದದ್ದೆಲ್ಲ ಮಾಡುತ್ತೇನೆಂದು ಆಕೆ ಮಾತು ಕೊಡಬೇಕು. ಮಾತು ಕೊಡಬೇಕಾದವರು ನೀವಲ್ಲ, ಆದರೆ ಈ ವಿಷಯ ನಿಮಗೆ ತಿಳಿದಿರಬೇಕು. (ಮನೆಯ ಹಿರಿಯರಿಗೂ ಈಗಲೇ ಹೇಳಿಬಿಡಿ.)

ಮದುವೆ ನಿಮ್ಮ ಚರ್ಚಿನಲ್ಲೇ ಆಗಬೇಕೆಂದರೆ ಪ್ರತ್ಯೇಕ ವಿನಾಯಿತಿ ಬೇಕು. ಅದಕ್ಕೆ ಹಿಡಿಯುವ ಸಮಯ ಧರ್ಮಪ್ರಾಂತ್ಯದಿಂದ (ಒಬ್ಬ ಬಿಷಪ್ ಆಡಳಿತದ ಪ್ರದೇಶ) ಧರ್ಮಪ್ರಾಂತ್ಯಕ್ಕೆ ಬೇರೆಯಾಗಬಹುದು. ಛತ್ರಕ್ಕೆ ಮುಂಗಡ ಕೊಡುವ ಮೊದಲೇ ವಿಚಾರಿಸಿ.